ಶನಿವಾರ ಟೆಂಟು, ಸೋಮವಾರ ಬ್ರೆಡ್ ವ್ಯಾನ್

ವ್ಯಾನನ್ನೇ ಮನೆ ಮಾಡಿಕೊಂಡು ಊರೂರು ಸುತ್ತುವವರ ವಿಡಿಯೊ ನೋಡದ ಹಾಸ್ಟೆಲ್ ಹುಡುಗರು ಯಾರಿದ್ದಾರೆ? ಸ್ಟವ್ ಮೇಲೆ ಕಾಫಿ ಕುದಿಯುತ್ತಿರುತ್ತದೆ. ಹಿಂಬಾಗಿಲು ತೆಗೆದರೆ ಎದುರಿಗೇ ಹಿಮದ ಬೆಟ್ಟ. ಒಳಗೋಡೆಗೆಲ್ಲ ಮರದ ಹಲಗೆ. ಆ ವ್ಯಾನುಗಳು ಹೆಚ್ಚಿನವು ಅಮೆರಿಕದ್ದೋ ಯುರೋಪಿನದ್ದೋ. ಒಳಗೆ ನೆಟ್ಟಗೆ ನಿಂತು ಪ್ಯಾಂಟು ಹಾಕಿಕೊಳ್ಳಬಹುದು. ಅವರ ದೊಡ್ಡ ಚಿಂತೆ ಸೊನ್ನೆಗಿಂತ ಕೆಳಗಿನ ಚಳಿ. ಹಾಗಾಗಿ ಗೋಡೆಯೊಳಗೆ ದಪ್ಪನಾಗಿ ಉಣ್ಣೆ ತುಂಬುತ್ತಾರೆ, ಚಾವಣಿಗೆ ತೂತು ಕೊರೆದು ಫ್ಯಾನ್ ಕೂರಿಸುತ್ತಾರೆ. ಅದನ್ನೇ ನೋಡಿಕೊಂಡು ಇಲ್ಲಿ ವ್ಯಾನ್ ಸಿದ್ಧಮಾಡಲು ಹೊರಟರೆ ಅರ್ಧ ಕೆಲಸ ನಮಗೆ ಬೇಡವಾದದ್ದು, ಇನ್ನರ್ಧ ಕಾನೂನಿಗೆ ವಿರುದ್ಧವಾದದ್ದು.

ನಮ್ಮ ಮನೆಯಲ್ಲಿರುವುದು ಕಾರ್ಗೋ ಈಕೋ. ಹಳದಿ ಬೋರ್ಡು. ವಾರದ ಆರು ದಿನ ಅಪ್ಪ ಅದರಲ್ಲಿ ಹಾಸನದ ಸುತ್ತಮುತ್ತಲಿನ ಅಂಗಡಿಗಳಿಗೆ ಬ್ರೆಡ್, ಬನ್ನು, ರಸ್ಕು ಹಾಕುತ್ತಾರೆ. ಶನಿವಾರ ಮಧ್ಯಾಹ್ನ ಲೈನು ಮುಗಿದರೆ ಸೋಮವಾರ ಬೆಳಗಿನ ನಾಲ್ಕರವರೆಗೆ ಗಾಡಿ ಖಾಲಿ. ಆ ಒಂದೂವರೆ ದಿನ ಗಾಡಿ ನನ್ನದು ಎಂದು ಒಪ್ಪಂದವಾಯಿತು. ಅಪ್ಪನ ಷರತ್ತು ಮೂರೇ. ಒಂದೂ ತೂತು ಕೊರೆಯಬಾರದು, ಸೋಮವಾರ ಒಳಗೆ ಏನೂ ಉಳಿದಿರಬಾರದು, ಹನಿ ನೀರಿನ ಪಸೆಯೂ ಇರಬಾರದು. ಮೂರನೆಯದೇ ಕಷ್ಟದ್ದು. ಪಸೆ ಇದ್ದರೆ ಬ್ರೆಡ್ಡಿಗೆ ಬೂಸ್ಟು ಬೇಗ ಹಿಡಿಯುತ್ತದೆ. ಬೂಸ್ಟು ಹಿಡಿದ ಒಂದು ಪ್ಯಾಕೆಟ್ ವಾಪಸ್ ಬಂದರೆ ಆ ಅಂಗಡಿ ಮುಂದಿನ ವಾರ ಬೇರೆ ಬೇಕರಿಯವರಿಗೆ ಹೇಳಿಬಿಡುತ್ತದೆ. ನನ್ನ ಕಾಲೇಜು ಫೀಸು ಹುಟ್ಟುವುದು ಆ ಪ್ಯಾಕೆಟ್ಟುಗಳಿಂದಲೇ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಖಚಿತವಾಗಿ ಹೇಳಿದೆ. ಸರಕು ಗಾಡಿಯ ಹಿಂಭಾಗದಲ್ಲಿ ಜನರನ್ನು ಕೂರಿಸಿಕೊಂಡು ಹೋಗುವಂತೆಯೂ ಇಲ್ಲ. ಆದ್ದರಿಂದ ನಮ್ಮ ಪ್ರವಾಸ ಇಬ್ಬರಿಗೇ ಸೀಮಿತ, ಮುಂದಿನ ಎರಡು ಸೀಟು, ಅಷ್ಟೆ. ಮೂರನೆಯವನು ಬೈಕಿನಲ್ಲಿ ಬಂದು ಹೊರಗೆ ಟೆಂಟ್ ಹಾಕಿಕೊಳ್ಳಬೇಕು. ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ಸಾರಿಗೆ ವಾಹನ ಓಡಿಸಲು 18 ಸಾಲದು, 20 ವರ್ಷ ತುಂಬಿರಬೇಕು. ನನಗೆ ತುಂಬಿದ ಮೇಲೆಯೇ ಅಪ್ಪ ಕೀಲಿ ಕೊಟ್ಟದ್ದು.

ಈಗ ತಗಡಿನ ವಿಷಯ. ಹೀಟ್ ಟ್ರಾನ್ಸ್‌ಫರ್ ಪಾಠ ಓದಿದವರಿಗೆ ಉಕ್ಕಿನ ಉಷ್ಣವಾಹಕತೆ ಸುಮಾರು 50, ಫೋಮಿನದ್ದು ಸುಮಾರು 0.035 ಎಂಬ ಸಂಖ್ಯೆಗಳು ನೆನಪಿರಬಹುದು. ಒಂದು ಮಿಲಿಮೀಟರಿಗಿಂತ ತೆಳುವಾದ ಬಾಡಿ ಶೀಟು ಶಾಖದ ಲೆಕ್ಕದಲ್ಲಿ ಇದ್ದೂ ಇಲ್ಲದ ಹಾಗೆ. ಇಬ್ಬರು ಮಲಗಿದರೆ ಮೈಯಿಂದ ಹೊರಡುವ ಶಾಖ ಸುಮಾರು 150 ವ್ಯಾಟ್. ಬರೀ ತಗಡಿನ ವ್ಯಾನಿನಲ್ಲಿ ಅದಷ್ಟೂ ಸೋರಿಹೋಗಿ, ಹೊರಗಿಗಿಂತ ಒಳಗೆ ಎರಡು ಡಿಗ್ರಿ ಹೆಚ್ಚು ಸಿಕ್ಕರೆ ಹೆಚ್ಚು. ಅದೇ ಗೋಡೆ, ಚಾವಣಿಗೆ 20 ಮಿ.ಮೀ. ಫೋಮ್ ಹಾಕಿ, ಗಾಳಿಯಾಡಲೂ ಬಿಟ್ಟು ಲೆಕ್ಕ ಮಾಡಿದರೆ ಆರು ಡಿಗ್ರಿ ಬರುತ್ತದೆ. ಡಿಸೆಂಬರಿನಲ್ಲಿ ಸಕಲೇಶಪುರದ ಹತ್ತಿರ ಗೆಳೆಯನೊಬ್ಬನ ಮನೆಯ ಕಾಫಿ ಕಣದ ಪಕ್ಕ ಮಲಗಿದಾಗ ಹೊರಗೆ 13, ಒಳಗೆ 17 ತೋರಿಸಿತು. ಲೆಕ್ಕಕ್ಕಿಂತ ಎರಡು ಡಿಗ್ರಿ ಕಮ್ಮಿ. ಬಾಗಿಲಿನ ಸಂದು, ಗಾಲಿಗಳ ಮೇಲಿನ ಉಬ್ಬು, ಡ್ಯಾಶ್‌ಬೋರ್ಡು ಇವನ್ನೆಲ್ಲ ಯಾವ ಸೂತ್ರವೂ ಪೂರ್ತಿ ಹಿಡಿಯುವುದಿಲ್ಲ. ನಾಲ್ಕು ಡಿಗ್ರಿಯೇ ಒಂದು ಕಂಬಳಿಗೆ ಸಮ.

ಫೋಮಿನ ಆಯ್ಕೆಗೆ ಬಹಳ ತಲೆ ಕೆಡಿಸಿಕೊಂಡೆವು. ಥರ್ಮಾಕೋಲ್ ಎಲ್ಲಕ್ಕಿಂತ ಅಗ್ಗ, ಆದರೆ ಅದರ ಬಿಳಿ ಕಾಳು ಉದುರುತ್ತದೆ. ಬನ್ನಿನ ಮೇಲೆ ಥರ್ಮಾಕೋಲ್ ಕಾಳು ಕಂಡರೆ ಅಂಗಡಿಯವರು ಏನನ್ನುತ್ತಾರೆ ಯೋಚಿಸಿ. ಗ್ಲಾಸ್‌ವೂಲ್ ನಾರು ಗಾಳಿಗೆ ಬರುತ್ತದೆ, ಆಹಾರ ಸಾಗಿಸುವ ಗಾಡಿಗೆ ಬೇಡವೇ ಬೇಡ. ಎಸಿ ಡಕ್ಟಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಬಹಳ ಒಳ್ಳೆಯದು, ಆದರೆ ಅದನ್ನು ಅಂಟಿಸಿದರೆ ತೆಗೆಯುವ ಹಾಗಿಲ್ಲ. ಕೊನೆಗೆ ಟಿವಿ, ಫ್ರಿಜ್ ಪ್ಯಾಕಿಂಗಿಗೆ ಬಳಸುವ ಇಪಿಇ ಫೋಮ್ ತಂದೆವು. ಒಂದು ಬದಿಗೆ ಬೆಳ್ಳಿಹಾಳೆ ಇರುವಂಥದ್ದು, ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಹಳೆಯ ಪೇಪರುಗಳನ್ನು ಗೋಡೆಗೆ ಒತ್ತಿ ಆಕಾರ ತೆಗೆದು, ಅದರಂತೆ ಹಲಗೆ ಹಲಗೆಯಾಗಿ ಕತ್ತರಿಸಿದೆವು. ಹಿಂದೆ ಚಿಕ್ಕ ಅಯಸ್ಕಾಂತಗಳನ್ನು ಕೂರಿಸಿದೆವು. ಗಾಡಿಯ ಪಕ್ಕೆಲುಬುಗಳು ಉಕ್ಕಿನವೇ ಆದ್ದರಿಂದ ಹಲಗೆಗಳು ಟಪ್ಪೆಂದು ಹಿಡಿದುಕೊಳ್ಳುತ್ತವೆ. ಬಿಚ್ಚಲು ಹತ್ತು ನಿಮಿಷ.

ಬೆಳ್ಳಿಹಾಳೆಯ ಬಗ್ಗೆ ಒಂದು ಮಾತು. ಅದು ಶಾಖವನ್ನು ಹಿಂದಕ್ಕೆ ಕಳಿಸುವುದು ಮುಂದೆ ಗಾಳಿಯ ಸಂದು ಇದ್ದರೆ ಮಾತ್ರ. ತಗಡಿಗೆ ನೇರವಾಗಿ ಅಂಟಿಸಿದರೆ ಅದೂ ಇನ್ನೊಂದು ತೆಳು ಲೋಹವೇ, ಶಾಖ ಸೀದಾ ದಾಟಿಹೋಗುತ್ತದೆ. ಪಕ್ಕೆಲುಬಿನ ಎತ್ತರದಿಂದ ನಮಗೆ ಆ ಸಂದು ತಾನಾಗಿಯೇ ಸಿಕ್ಕಿತು. ಬಿಸಿಲಲ್ಲಿ ನಿಂತ ಗಾಡಿಯ ಚಾವಣಿ 60 ಡಿಗ್ರಿ ದಾಟುವುದು ಅಪರೂಪವಲ್ಲ. ಆಗ ಕೆಳಗೆ ಇಳಿಯುವ ಶಾಖದಲ್ಲಿ ಬಹುಪಾಲು ವಿಕಿರಣವೇ ಆದ್ದರಿಂದ ಚಾವಣಿಗೆ ಈ ಹಾಳೆ ಬೇಕೇ ಬೇಕು.

ಆದರೆ ಇನ್ಸುಲೇಷನ್ ಇಡೀ ಕತೆಯ ಸಣ್ಣ ಭಾಗ. ನಿಜವಾದ ಶತ್ರು ನಮ್ಮದೇ ಉಸಿರು.

ಮಲಗಿರುವ ಒಬ್ಬ ವ್ಯಕ್ತಿಯ ಉಸಿರು, ಬೆವರಿನಿಂದ ಗಂಟೆಗೆ ಸುಮಾರು 40 ಗ್ರಾಂ ನೀರು ಆವಿಯಾಗುತ್ತದೆ. ಇಬ್ಬರಿಗೆ, ಎಂಟು ಗಂಟೆಗೆ, ಅರ್ಧ ಲೀಟರಿಗಿಂತ ಹೆಚ್ಚು. ನಮ್ಮ ವ್ಯಾನಿನೊಳಗಿನ ಗಾಳಿ ಸುಮಾರು 4 ಘನ ಮೀಟರ್. 17 ಡಿಗ್ರಿಯಲ್ಲಿ ಅದು ಹಿಡಿದುಕೊಳ್ಳಬಲ್ಲ ಒಟ್ಟು ನೀರಾವಿ 60 ಗ್ರಾಮಿಗಿಂತ ಕಡಿಮೆ. ಮಿಕ್ಕದ್ದೆಲ್ಲ ಎಲ್ಲಿಗೆ ಹೋಗಬೇಕು? ಒಂದೋ ಹೊರಗೆ, ಇಲ್ಲವೇ ತಣ್ಣಗಿನ ತಗಡಿನ ಮೇಲೆ ಹನಿಯಾಗಿ. ಮೋಡವಿಲ್ಲದ ರಾತ್ರಿ ಗಾಡಿಯ ಚಾವಣಿ ಆಕಾಶಕ್ಕೆ ಶಾಖ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಕಣದಲ್ಲಿ ಒಣಗಿಸಿದ ಕಾಫಿಯನ್ನು ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸುವುದೂ ಇಬ್ಬನಿ ಕೂರದಿರಲೆಂದೇ. ಮರದ ಕೆಳಗೆ ನಿಲ್ಲಿಸಿದರೆ ಚಾವಣಿಯ ತಂಪು ಕಮ್ಮಿ, ಆದರೆ ಒಣ ಕೊಂಬೆ ಇದೆಯೇ ಎಂದು ಟಾರ್ಚ್ ಹಾಕಿ ನೋಡಿಕೊಳ್ಳಬೇಕು.

ಗೋಡೆಯೊಳಗೆ ಉಣ್ಣೆ ತುಂಬಿ ಹಲಗೆ ಹೊಡೆದವರಿಗೆ ಈ ನೀರು ಕಾಣಿಸುವುದಿಲ್ಲ. ಅದು ಹಿಂದೆ ತಗಡಿನ ಮೇಲೆ ಕೂತು ತುಕ್ಕು ಹಿಡಿಸುತ್ತಿರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದು ಒಣಗುವುದು ಯಾವಾಗ? ಬಿಚ್ಚಿ ಒರೆಸಿ ಬಿಸಿಲಿಗೆ ಇಡಬಹುದಾದ ಹಲಗೆಗಳೇ ನಮ್ಮ ಹವೆಗೆ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಾಗಿಲುಗಳ ತಳದಲ್ಲಿ ನೀರು ಇಳಿಯಲು ಸಣ್ಣ ಕಿಂಡಿಗಳಿರುತ್ತವೆ, ಯಾವುದೇ ಕಾರಣಕ್ಕೂ ಅವನ್ನು ಮುಚ್ಚಬೇಡಿ.

ಉಸಿರಿನ ಇನ್ನೊಂದು ಲೆಕ್ಕ ಇಂಗಾಲದ ಡೈಆಕ್ಸೈಡಿನದು. ಇಬ್ಬರಿಂದ ಗಂಟೆಗೆ ಸುಮಾರು 26 ಲೀಟರ್. ಪೂರ್ತಿ ಮುಚ್ಚಿದ 4 ಘನ ಮೀಟರ್ ಜಾಗದಲ್ಲಿ ಒಂದೇ ಗಂಟೆಗೆ ಅದು ಹೊರಗಾಳಿಯ ಪ್ರಮಾಣಕ್ಕಿಂತ ಹದಿನೈದು ಪಟ್ಟು ದಾಟುತ್ತದೆ. ನಿಜದಲ್ಲಿ ಗಾಡಿ ಅಷ್ಟು ಬಿಗಿಯಾಗಿರುವುದಿಲ್ಲ, ಆದರೂ ಬೆಳಿಗ್ಗೆ ತಲೆ ಭಾರ ಎನ್ನುವುದಕ್ಕೆ ಇಷ್ಟು ಸಾಕು. ನೆಮ್ಮದಿಯ ಮಟ್ಟದಲ್ಲಿಡಲು ಗಂಟೆಗೆ ಸುಮಾರು 25 ಘನ ಮೀಟರ್ ಹೊಸ ಗಾಳಿ ಬೇಕು. ಕೇಳಲು ದೊಡ್ಡ ಸಂಖ್ಯೆ, ಆದರೆ ಕಂಪ್ಯೂಟರ್ ಕ್ಯಾಬಿನೆಟ್ಟಿನ 120 ಮಿ.ಮೀ. ಫ್ಯಾನು ತಡೆಯಿಲ್ಲದೆ ತಿರುಗಿದರೆ ಗಂಟೆಗೆ 60ರಿಂದ 100 ಘನ ಮೀಟರ್ ತಳ್ಳುತ್ತದೆ. ಎದುರಿಗೆ ಸೊಳ್ಳೆಪರದೆ ಬಂದರೆ ಇದು ಅರ್ಧಕ್ಕೆ ಇಳಿಯಬಹುದು. ಈ ಫ್ಯಾನುಗಳಿಗೆ ಒತ್ತಡ ತಡೆಯುವ ಶಕ್ತಿ ಬಹಳ ಕಡಿಮೆ. ಅದಕ್ಕೇ ಎರಡು ಫ್ಯಾನ್ ಹಾಕಿ, ಪರದೆಯನ್ನು ಫ್ಯಾನಿನ ಬಾಯಿಗಿಂತ ಅಗಲವಾಗಿ ಕಟ್ಟಿದೆವು.

ತೂತು ಕೊರೆಯದೆ ಫ್ಯಾನ್ ಕೂರಿಸುವುದು ಹೇಗೆ? ಚುನಾವಣೆ ಬೋರ್ಡುಗಳಿಗೆ ಬಳಸುವ ಸನ್‌ಪ್ಯಾಕ್ ಶೀಟನ್ನು ಮುಂದಿನ ಕಿಟಕಿಯ ಆಕಾರಕ್ಕೆ ಕತ್ತರಿಸಿ, ಅದರಲ್ಲಿ ಫ್ಯಾನ್ ಕೂರಿಸಿ, ಗಾಜು ಇಳಿಸಿ ಆ ಜಾಗಕ್ಕೆ ಸಿಕ್ಕಿಸಿದೆವು. ಫ್ಯಾನು ಗಾಳಿಯನ್ನು ಹೊರಗೆ ತಳ್ಳುತ್ತದೆ. ಹೊಸ ಗಾಳಿ ಪಕ್ಕದ ಕಿಟಕಿಯಿಂದ ಬಂದರೆ ಪ್ರಯೋಜನವಿಲ್ಲ, ಅದು ಒಂದು ಕಿಟಕಿಯಿಂದ ನುಗ್ಗಿ ಎದುರಿನದ್ದರಿಂದ ಹೊರಟುಹೋಗುತ್ತದೆ. ಹಿಂದೆ ಮಲಗಿದವರ ಮೂಗಿನ ಹತ್ತಿರ ಹಳೆಯ ಗಾಳಿ ಹಾಗೇ ಉಳಿಯುತ್ತದೆ. ಆದ್ದರಿಂದ ಮುಂದಿನ ಕಿಟಕಿ ಮುಚ್ಚಿ, ಹಿಂಬಾಗಿಲನ್ನು ಎರಡಿಂಚು ಮಾತ್ರ ಎತ್ತಿ, ಒಳಗಿನಿಂದ ಚೈನು, ಬೀಗ ಹಾಕಿ, ಸಂದಿಗೆ ಪರದೆ ಕಟ್ಟಿದೆವು. ಈಗ ಗಾಳಿ ಕಾಲ ಬಳಿ ಕೆಳಗಿನಿಂದ ಬಂದು ತಲೆಯ ಮೇಲಿನಿಂದ ಮುಂದಕ್ಕೆ ಹರಿದು ಹೋಗುತ್ತದೆ. ಖಾತ್ರಿಯಾಗಬೇಕಾದರೆ ಮಲಗುವ ಮೊದಲು ಒಂದು ಊದುಬತ್ತಿ ಹಚ್ಚಿ ಹಿಡಿಯಿರಿ, ಹೊಗೆಯ ಎಳೆ ಯಾವ ಕಡೆ ಬಾಗುತ್ತದೆ ಎಂಬುದೇ ಉತ್ತರ.

ಎರಡು ಫ್ಯಾನಿಗೆ ಸೇರಿ 0.4 ಆಂಪಿಯರ್, ಎಂಟು ಗಂಟೆಗೆ 3.2. ಸಣ್ಣ ಯುಪಿಎಸ್‌ಗಳಲ್ಲಿರುವ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಒಂದು ರಾತ್ರಿಗೆ ಸಾಕು. ಗಾಡಿಯ ಬ್ಯಾಟರಿ ಮುಟ್ಟಬೇಡಿ, ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಬೆಟ್ಟದ ಮೇಲೆ ತಳ್ಳುವವರು ಸಿಗುವುದಿಲ್ಲ. 2 ಆಂಪಿಯರಿನ ಫ್ಯೂಸ್ ಮರೆಯಬೇಡಿ.

ಹಾಸಿಗೆಯ ಕೆಳಗೂ ಪಸೆ ನಿಲ್ಲುತ್ತದೆ. ಅದಕ್ಕೆ ಗಾಳಿಯಾಡುವ ಮಂಚ ಬೇಕು. ಬ್ರೆಡ್ ಟ್ರೇಗಳನ್ನು ಬೋರಲು ಹಾಕಿದರೆ ಅಳತೆ ಮಾಡಿಸಿದ ಹಾಗೆ ಕೂರುತ್ತವೆ ಎಂದೆ. ‘ಜನ ತಿನ್ನೋ ಪದಾರ್ಥ ಇಡೋ ಟ್ರೇ ಮೇಲೆ ಕಾಲು ಚಾಚ್ತೀಯಾ?’ ಎಂದು ಅಪ್ಪ ರೇಗಿದರು. ಆಮೇಲೆ ಬೇಕರಿಯ ಹಿಂದೆ ಬಿದ್ದಿದ್ದ ಅಂಚು ಮುರಿದ ಹಳೆಯ ಟ್ರೇಗಳನ್ನು ಅವರೇ ತಂದುಕೊಟ್ಟರು. ಮೇಲೆ ತೆಂಗಿನ ನಾರಿನ ಚಾಪೆ, ಅದರ ಮೇಲೆ ಹಾಸಿಗೆ.

ಏಪ್ರಿಲಿನಲ್ಲಿ ಶಿರಾಡಿ ಘಾಟಿ ಇಳಿದು ಕುಂದಾಪುರದ ಕಡೆ ಹೋದಾಗ ಲೆಕ್ಕವೆಲ್ಲ ತಲೆಕೆಳಗು. ರಾತ್ರಿ ಹೊರಗೇ 27 ಡಿಗ್ರಿ. ಅಂಥ ಕಡೆ ಗೋಡೆಯ ಫೋಮು ನಮ್ಮ ಮೈಯ ಶಾಖವನ್ನು ಒಳಗೇ ಕೂಡಿಹಾಕುತ್ತದೆ. ಸಂಜೆಯೇ ಗೋಡೆಯ ಹಲಗೆಗಳನ್ನೆಲ್ಲ ಕಿತ್ತು ಹಾಸಿಗೆ ಕೆಳಗೆ ತಳ್ಳಿದೆವು. ಈ ಗಾಡಿಯ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲೇ ಇರುವುದರಿಂದ, ದೂರ ಓಡಿದ ಮೇಲೆ ಗಂಟೆಗಟ್ಟಲೆ ಕೆಳಗಿನಿಂದ ಬಿಸಿ ಬರುತ್ತದೆ. ಊಟ ಮುಗಿಯುವವರೆಗೂ ಬಾಗಿಲುಗಳನ್ನು ತೆರೆದಿಟ್ಟರೆ ಅರ್ಧ ಸಮಸ್ಯೆ ತೀರುತ್ತದೆ. ಚಿತ್ರದುರ್ಗ, ಬಳ್ಳಾರಿ ಕಡೆಯ ಒಣ ಸೆಕೆಗಾದರೆ ಚಾವಣಿ ಮೇಲೆ ಒದ್ದೆ ಗೋಣಿಚೀಲ ಹಾಸುವುದು ಒಳ್ಳೆಯ ಉಪಾಯ. ಕರಾವಳಿಯ ತೇವದ ಗಾಳಿಯಲ್ಲಿ ಗೋಣಿ ಒಣಗುವುದೇ ಇಲ್ಲ, ತಂಪೂ ಆಗುವುದಿಲ್ಲ.

ಇದನ್ನೆಲ್ಲ ಮರೆತರೂ ಒಂದನ್ನು ಮಾತ್ರ ಮರೆಯಬೇಡಿ. ವ್ಯಾನಿನೊಳಗೆ ಬೆಂಕಿ ಬೇಡ. ಇದ್ದಿಲ ಅಗ್ಗಿಷ್ಟಿಕೆ, ಗ್ಯಾಸ್ ಸ್ಟವ್, ಎಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಂಡು ಮಲಗುವುದು, ಯಾವುದೂ ಬೇಡ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹಾಕಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂಬ ಸುದ್ದಿಯನ್ನು ಚಳಿಗಾಲದಲ್ಲಿ ಓದುತ್ತಲೇ ಇರುತ್ತೇವೆ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಡೈಆಕ್ಸೈಡ್ ಹೆಚ್ಚಾದರೆ ಉಸಿರುಕಟ್ಟಿ ಎಚ್ಚರವಾಗಬಹುದು, ಮೊನಾಕ್ಸೈಡ್ ಎಬ್ಬಿಸುವುದಿಲ್ಲ. ಜೊತೆಗೆ ಇಪಿಇ ಫೋಮು ಬೆಂಕಿ ತಗುಲಿದರೆ ಕರಗಿ ಉರಿಯುತ್ತದೆ. ನಮ್ಮ ಅಡುಗೆಯೆಲ್ಲ ಗಾಡಿಯಿಂದ ಹತ್ತು ಹೆಜ್ಜೆ ದೂರ. ಮಳೆ ಬಂದರೆ ಆವತ್ತು ಊಟ ಬ್ರೆಡ್ಡು, ಬಾಳೆಹಣ್ಣು. ಬ್ರೆಡ್ಡಿಗಂತೂ ನಮಗೆ ಬರವಿಲ್ಲ. ಅರಣ್ಯದ ಗಡಿಯೊಳಗೆ ಅನುಮತಿಯಿಲ್ಲದೆ ತಂಗುವ ಸಾಹಸವನ್ನೂ ನಾವು ಮಾಡಿಲ್ಲ, ಗೆಳೆಯರ ತೋಟ, ಅಂಗಳಗಳೇ ನಮ್ಮ ಕ್ಯಾಂಪು.

ಒಟ್ಟು ಖರ್ಚು ನಾಲ್ಕು ಸಾವಿರದ ಆಸುಪಾಸು. ಬ್ಯಾಟರಿಯದ್ದೇ ಅದರಲ್ಲಿ ಕಾಲು ಭಾಗ. ಪ್ರತಿ ಭಾನುವಾರ ಸಂಜೆ ಆರಕ್ಕೆ ಗಾಡಿ ಮನೆ ಮುಂದೆ ನಿಲ್ಲುತ್ತದೆ. ಹಲಗೆ ಬಿಚ್ಚಿ, ಒಣಬಟ್ಟೆಯಲ್ಲಿ ಒರೆಸಿ, ಬಾಗಿಲು ತೆರೆದು ಎರಡು ಗಂಟೆ ಬಿಡುತ್ತೇವೆ. ಅಪ್ಪ ಬಂದು ನೆಲದ ಮೂಲೆಗೆ ಅಂಗೈ ಒತ್ತಿ ನೋಡುತ್ತಾರೆ. ಇದುವರೆಗೆ ಏನೂ ಹೇಳಿಲ್ಲ.

ಮೇ ತಿಂಗಳಿನಲ್ಲಿ ಮಾತ್ರ ಅವರೇ ಬಾಯಿಬಿಟ್ಟರು. ಹೊಳೆನರಸೀಪುರದ ಲೈನಿಗೆ ಹೋದ ದಿನ ಹನ್ನೊಂದು ಗಂಟೆಗೆಲ್ಲ ಮೇಲಿನ ಟ್ರೇಯ ಕ್ರೀಮ್ ಬನ್ನುಗಳು ಕರಗಿ ಹಾಳೆಗೆ ಅಂಟಿದ್ದವಂತೆ. ‘ಆ ಚಾವಣಿ ಹಲಗೆ ವಾರಪೂರ್ತಿ ಇರಲಿ’ ಎಂದರು. ಇಟ್ಟು ನೋಡಿದರೆ ಇನ್ನೊಂದು ತೊಡಕು. ಫೋಮಿನ ದಪ್ಪಕ್ಕೆ ಮೇಲಿನ ಸಾಲಿನ ಟ್ರೇ ತಾಗುತ್ತದೆ, ಪ್ರತಿ ಅಟ್ಟಿಯಲ್ಲೂ ಒಂದೊಂದು ಟ್ರೇ ಬಿಡಬೇಕಾಗುತ್ತದೆ. ಅಷ್ಟು ಬಾಡಿಗೆ ನಷ್ಟ ಮಾಡಿಕೊಳ್ಳಲು ಅವರು ಸಿದ್ಧರಿಲ್ಲ. 10 ಮಿ.ಮೀ. ಫೋಮ್ ತಂದು, ಬೆಳ್ಳಿಹಾಳೆಯನ್ನು ಮೇಲ್ಮುಖ ಮಾಡಿ, ಪಕ್ಕೆಲುಬುಗಳ ನಡುವಿನ ಗುಂಡಿಯೊಳಗೇ ಕೂರುವಂತೆ ಐದು ತುಂಡು ಕತ್ತರಿಸಿದ್ದೇನೆ. ಈ ಭಾನುವಾರ ಅಯಸ್ಕಾಂತ ಅಂಟಿಸುವುದು ಬಾಕಿ.