ಮಾಡದ ತಪ್ಪಿಗೆ ಜೈಲು, ಜೈಲಿನ್ಯಾಗ ಗೆಳೆತನ

ಗೋಕಾಕ, ಮೂಡಲಗಿ, ಹುಕ್ಕೇರಿ ಮಂದಿಗೆ ಜೈಲು ಅಂದ್ರ ಹಿಂಡಲಗಾ. ಬೆಳಗಾವಿ ಮಗ್ಗಲಾಗಿನ ಈ ಜೈಲು 1923ರದ್ದು. ತಪ್ಪ ಮಾಡದವ ಅಂಥಾ ಗ್ವಾಡಿ ಒಳಗ ಸಿಕ್ಕೊಂಡ್ರ ಏನ್ ಗತಿ?

ಅದ ಕಥಿ ಹೇಳತೈತಿ 2017ರ ‘ಪುಷ್ಪಕ ವಿಮಾನ’. ರಮೇಶ್ ಅರವಿಂದ್ ಅವರ 100ನೇ ಸಿನಿಮಾ, ಕೊರಿಯಾದ ಸಿನಿಮಾವೊಂದರ ಸ್ಫೂರ್ತಿ. ಮಗುವಿನಂಥ ಮನಸ್ಸಿನ ಅಪ್ಪ. ಮಾಡದ ಕೊಲಿ ಅವನ ತಲಿಗೆ ಕಟ್ಟತಾರ. ಕೋಣ್ಯಾಗಿನ ಕೈದಿಗಳ ಜೋಡಿ ಗೆಳೆತನ ಹುಟ್ಟತೈತಿ ನೋಡ್ರಿ, ಆ ದಾಂಡಿಗರ ಅವನ ಪುಟ್ಟ ಮಗಳನ್ನ ಕದ್ದು ಜೈಲಿನೊಳಗ ತರತಾರ! ಕಾವಲಿನವ್ರ ಕಣ್ಣಿಗೆ ಬೀಳದಂಗ ಹುಡುಗಿನ್ನ ಮುಚ್ಚಿಡೋ ಪಜೀತಿ ಐತೆಲ್ಲಾ, ನಗಿ ಅಲ್ಲೇ. ಕಣ್ಣೀರೂ ಅಲ್ಲೇ.

ಮಗಳಾಗಿ ಯುವಿನಾ ಪಾರ್ಥವಿ. ಆ ಹುಡುಗಿ ಅಪ್ಪನ್ನ ನೋಡೋ ನೋಟಕ್ಕಾದ್ರೂ ಈ ಸಿನಿಮಾ ನೋಡಬೇಕ್ರಿ. ಅಪ್ಪ-ಮಗಳು ಕೂಡಿ ಕುಂತ ನೋಡ್ರಿ.