ಒಂದು ನಗೆಯ ಬೆಲೆ

ಕಾಗಾಲದ ಗಜನಿ ಗದ್ದೆಗಳ ಕಟ್ಟೆಯ ಮೇಲೆ ನಿಂತು ಅಘನಾಶಿನಿಯ ಭರತ-ಇಳಿತಗಳನ್ನು ನೋಡುವಾಗಲೆಲ್ಲ ಈ ಊರಿನಿಂದ ನಮ್ಮ ಕಾಲೇಜಿಗೆ ಬರುತ್ತಿದ್ದ ಒಬ್ಬ ಹುಡುಗ ನೆನಪಾಗುತ್ತಾನೆ. ಬಾಲ್ಯದಿಂದಲೂ ಸ್ಥೂಲಕಾಯ; ಕಡೆಯ ಬೆಂಚನ್ನು ಬಿಟ್ಟು ಮುಂದೆ ಬಂದವನಲ್ಲ. ಆದರೆ ಪದ್ಯವನ್ನು ಅವನಂತೆ ಓದುವವರು ತರಗತಿಯಲ್ಲಿರಲಿಲ್ಲ. ಒಂದು ದಿನ ಪಾಠದಲ್ಲಿ ಕುಂಭಕರ್ಣನ ಪ್ರಸ್ತಾಪ ಬಂದಿತು. ತರಗತಿಯೆಲ್ಲ ಅವನತ್ತ ತಿರುಗಿ ನಕ್ಕಿತು, ನಾನೂ ಮುಗುಳ್ನಕ್ಕೆ. ಮತ್ತೆ ಅವನು ಓದಲು ಏಳಲಿಲ್ಲ; ಆ ವರ್ಷವೇ ಕಾಲೇಜು ಬಿಟ್ಟ. ನನ್ನ ನಗೆಯೇ ಕಾರಣವೆಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ.

ಸ್ವೀಡನ್ನಿನ ಒಂದೂವರೆ ಲಕ್ಷ ಸೋದರರ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹರೆಯದಲ್ಲಿ ಅತಿಸ್ಥೂಲರಾಗಿದ್ದವರ ಮುಂದಿನ ಗಳಿಕೆ ಶೇಕಡಾ 18ರವರೆಗೂ ಕುಗ್ಗಬಹುದೆಂದು ತೋರಿಸಿತು. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಐದು ವರ್ಷದೊಳಗಿನ ಮಕ್ಕಳಲ್ಲಿ ಅತಿತೂಕದವರು 2015-16ರಲ್ಲಿ ಶೇಕಡಾ 2.1 ಇದ್ದುದು 2019-21ರಲ್ಲಿ 3.4ಕ್ಕೆ ಏರಿತು. ಅಂಕಿ ಚಿಕ್ಕದಾದರೂ ಅದು ಸಾಗುತ್ತಿರುವ ದಾರಿ ಚಿಂತೆಗೀಡುಮಾಡುವಂಥದು.

ಕೊಬ್ಬು, ಸಕ್ಕರೆ, ಉಪ್ಪು ಮಿತಿಮೀರಿದ ತಿಂಡಿಗಳನ್ನು ಶಾಲೆಯ ಬಾಗಿಲಿನಿಂದ 50 ಮೀಟರಿನೊಳಗೆ ಮಾರಬಾರದೆಂದು 2020ರ ನಿಯಮ ವಿಧಿಸಿದೆ. ಮಕ್ಕಳಿಗೆ ದಿನಕ್ಕೆ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇವೆರಡೂ ಅವಶ್ಯವೇ. ಆದರೆ ಗೇಲಿಗೆ ಅಂಜಿದ ಮಗು ಆಟದ ಬಯಲಿಗೆ ಇಳಿದೀತೇ? ಆ ಗೇಲಿಯನ್ನು ತಡೆಯಬೇಕಾದವನು ಉಪಾಧ್ಯಾಯ.

ಇಲ್ಲಿಯ ಕಗ್ಗ ಭತ್ತ ಉಪ್ಪುನೀರನ್ನು ತಾಳಿಕೊಂಡು ತೆನೆಬಿಡುತ್ತದೆ. ಮಗುವಿನ ಮನಸ್ಸಿನಿಂದ ಅಂಥ ತಾಳಿಕೆಯನ್ನು ನಾವು ಅಪೇಕ್ಷಿಸಬಾರದು.