ಕೂಡಿ ಕಾಯುವ ಕೋಶಗಳು

ಕಾಲಿಗೆ ಮುಳ್ಳು ಚುಚ್ಚಿದಾಗ ಆ ಜಾಗವು ಕೆಂಪಾಗಿ ಊದಿಕೊಳ್ಳುತ್ತದೆ. ಕೆಲವೊಮ್ಮೆ ಕೀವು ಕಟ್ಟುತ್ತದೆ. ಇದು ಗಾಯದಿಂದಾದ ಕೇಡೆಂದು ಜನರು ಭಾವಿಸುವುದುಂಟು. ವಾಸ್ತವವಾಗಿ ಇದು, ಒಳನುಗ್ಗಿದ ರೋಗಾಣುಗಳನ್ನು ಶರೀರವು ಎದುರಿಸುತ್ತಿರುವುದರ ಗುರುತು.

ಈ ರಹಸ್ಯದ ಶೋಧನೆಯಲ್ಲಿಯೂ ಮುಳ್ಳಿಗೆ ಒಂದು ಸ್ಥಾನವಿದೆ. 1882ರಲ್ಲಿ ರಷ್ಯದ ಪ್ರಾಣಿವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಇಟಲಿಯ ಮೆಸ್ಸೀನಾ ನಗರದಲ್ಲಿದ್ದರು. ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಯ ದೇಹಕ್ಕೆ ಅವರು ಚಿಕ್ಕ ಮುಳ್ಳುಗಳನ್ನು ಚುಚ್ಚಿದರು. ಮರುದಿನ ಬೆಳಗ್ಗೆ ನೋಡಿದಾಗ, ಚಲಿಸುವ ಜೀವಕೋಶಗಳು ಆ ಮುಳ್ಳುಗಳನ್ನು ಮುತ್ತಿಕೊಂಡಿದ್ದವು. ಇಂತಹ ಕೋಶಗಳೇ ರೋಗಾಣುಗಳನ್ನು ನುಂಗಿ ದೇಹವನ್ನು ರಕ್ಷಿಸುತ್ತವೆಂದು ಅವರು ಸಾರಿದರು. ಜರ್ಮನಿಯ ಪಾಲ್ ಎರ್ಲಿಕ್ ಮೊದಲಾದವರು ರಕ್ತದ ದ್ರವಭಾಗದಲ್ಲಿರುವ ಪ್ರತಿಕಾಯಗಳಿಗೆ ಪ್ರಾಧಾನ್ಯವಿತ್ತರು. ವಾದವು ವರ್ಷಗಟ್ಟಲೆ ನಡೆಯಿತು. 1908ರಲ್ಲಿ ನೊಬೆಲ್ ಪಾರಿತೋಷಕವು ಮೆಚ್ನಿಕಾಫ್ ಮತ್ತು ಎರ್ಲಿಕ್ ಇಬ್ಬರಿಗೂ ಸಂದಿತು. ಎರಡು ಪಕ್ಷಗಳೂ ಒಂದೇ ಸತ್ಯದ ಎರಡು ಮುಖಗಳೆಂಬುದು ಮುಂದೆ ಸ್ಪಷ್ಟವಾಯಿತು.

ಗಾಯದಲ್ಲಿ ರೋಗಾಣುಗಳು ಹೊಕ್ಕೊಡನೆ ಅಲ್ಲಿರುವ ಭಕ್ಷಕ ಕೋಶಗಳು ಅವುಗಳನ್ನು ನುಂಗತೊಡಗುತ್ತವೆ. ರಾಸಾಯನಿಕ ಸಂದೇಶಗಳ ಮೂಲಕ ರಕ್ತದಲ್ಲಿರುವ ಬಿಳಿಯ ಕಣಗಳನ್ನು ಕರೆಯುತ್ತವೆ. ರಕ್ತನಾಳಗಳು ಹಿಗ್ಗುವುದರಿಂದ ಆ ಜಾಗವು ಕೆಂಪಾಗುತ್ತದೆ. ಕೀವಿನಲ್ಲಿರುವುದು ಬಹುಮಟ್ಟಿಗೆ ಹೋರಾಡಿ ಸತ್ತ ಬಿಳಿಯ ಕಣಗಳೇ.

ಇಷ್ಟರಲ್ಲಿ ಮತ್ತೊಂದು ಬಗೆಯ ಕೋಶವು ರೋಗಾಣುವಿನ ತುಣುಕನ್ನು ಹೊತ್ತು ಸಮೀಪದ ದುಗ್ಧಗ್ರಂಥಿಗೆ ಸಾಗುತ್ತದೆ. ಕವಲೊಡೆದ ಆಕಾರದ ಈ ದೂತಕೋಶವನ್ನು 1973ರಲ್ಲಿ ರಾಲ್ಫ್ ಸ್ಟೈನ್‌ಮನ್ ಮತ್ತು ಜ಼ಾನ್ವಿಲ್ ಕೋಹ್ನ್ ಗುರುತಿಸಿದರು. ಗ್ರಂಥಿಯಲ್ಲಿ ಅಸಂಖ್ಯಾತ ಟಿ-ಕೋಶಗಳಿದ್ದರೂ, ಆ ತುಣುಕಿಗೆ ಹೊಂದುವ ಕೆಲವು ಮಾತ್ರ ಎಚ್ಚೆತ್ತು ವೃದ್ಧಿಯಾಗುತ್ತವೆ. ಅವುಗಳಲ್ಲಿ ಸಹಾಯಕ ಟಿ-ಕೋಶಗಳು ಬಿ-ಕೋಶಗಳನ್ನು ಪ್ರಚೋದಿಸುತ್ತವೆ. ಬಿ-ಕೋಶಗಳಿಂದ ಪ್ರತಿಕಾಯಗಳು ಉತ್ಪತ್ತಿಯಾಗುತ್ತವೆ. ಪ್ರತಿಕಾಯಗಳು ರೋಗಾಣುವಿಗೆ ಅಂಟಿಕೊಂಡಾಗ ಭಕ್ಷಕ ಕೋಶಗಳು ಅದನ್ನು ಸುಲಭವಾಗಿ ನುಂಗುತ್ತವೆ. ಮೆಚ್ನಿಕಾಫರ ಕೋಶವೂ ಎರ್ಲಿಕ್ಕರ ಪ್ರತಿಕಾಯವೂ ಇಲ್ಲಿ ಕೈಗೂಡಿಸುತ್ತವೆ. ಕಾರ್ಯವು ಮುಗಿದ ಮೇಲೆ ಕೆಲವು ಕೋಶಗಳು ಶತ್ರುವಿನ ನೆನಪನ್ನು ಉಳಿಸಿಕೊಳ್ಳುತ್ತವೆ. ರೋಗ ಬರುವ ಮೊದಲೇ ಈ ನೆನಪನ್ನು ಮೂಡಿಸುವುದೇ ಲಸಿಕೆಯ ಉದ್ದೇಶ.

ಈ ಸಹಕಾರವು ಮುರಿದರೆ ಏನಾಗುವುದೆಂಬುದನ್ನು 1981ರಲ್ಲಿ ಮೊದಲಿಗೆ ಗುರುತಿಸಲಾದ ಏಡ್ಸ್ ರೋಗವು ತೋರಿಸಿತು. ಅದರ ವೈರಸ್ಸು ಮುಖ್ಯವಾಗಿ ಸಹಾಯಕ ಟಿ-ಕೋಶಗಳನ್ನು ನಾಶಪಡಿಸುತ್ತದೆ. ಉಳಿದ ಕೋಶಗಳಿದ್ದರೂ ಅವುಗಳನ್ನು ಒಂದುಗೂಡಿಸುವವರಿಲ್ಲದೆ, ಚಿಕಿತ್ಸೆ ದೊರೆಯದಿದ್ದಲ್ಲಿ, ಸಾಮಾನ್ಯ ಸೋಂಕು ಕೂಡ ಪ್ರಾಣಾಂತಿಕವಾಗುತ್ತದೆ. ಇದಕ್ಕೆ ವಿರುದ್ಧವಾಗಿ, ರಕ್ಷಣೆಯು ಹದ್ದುಮೀರಿದರೂ ಅಪಾಯವೇ. ಕೆಲವು ರೋಗಗಳಲ್ಲಿ ಈ ಕೋಶಗಳು ಸ್ವಂತ ಶರೀರವನ್ನೇ ಘಾಸಿಗೊಳಿಸುತ್ತವೆ. ಆದುದರಿಂದ ಬೇಕಾದುದು ಬಲದ ಹೆಚ್ಚಳವಲ್ಲ, ಸಮತೋಲ.

ಈ ಸಮತೋಲವನ್ನು ತಂದುಕೊಡುವ ಮಾಯಾಮದ್ದು ಯಾವುದೂ ಇಲ್ಲ. ಬೇಳೆಕಾಳು, ಸೊಪ್ಪು, ಹಣ್ಣು, ಹಾಲುಗಳಿಂದ ಕೂಡಿದ ಮಿತಾಹಾರ, ಸಾಕಷ್ಟು ನಿದ್ರೆ, ನಿತ್ಯ ವ್ಯಾಯಾಮ, ಶುಚಿತ್ವ, ತಂಬಾಕಿನಿಂದ ದೂರವಿರುವುದು, ಸಕಾಲದಲ್ಲಿ ಲಸಿಕೆ: ಇವೇ ಅದಕ್ಕೆ ಆಧಾರ. ಕಣ್ಣಿಗೆ ಕಾಣದ ಈ ಕೋಶಗಳಲ್ಲಿ ಯಾವುದೊಂದೂ ಒಂಟಿಯಾಗಿ ಶರೀರವನ್ನು ಕಾಯಲಾರದು. ಪ್ರತಿಯೊಂದೂ ತನ್ನ ಪಾಲಿನ ಕೆಲಸವನ್ನು ಮಾಡಿ ಮತ್ತೊಂದಕ್ಕೆ ನೆರವಾದಾಗಲೇ ಮನುಷ್ಯನು ಆರೋಗ್ಯದಿಂದ ಬಾಳುತ್ತಾನೆ.